ಯಂತ್ರದ ಮುಂದೆ ನಿಂತವರನ್ನೇ ಸೇಫ್ಟಿ ಪರಿಣತರನ್ನಾಗಿ ಬೆಳೆಸುವುದು ಹೇಗೆ

ಪುಣೆ ಹತ್ತಿರದ ಚಾಕಣದಲ್ಲಿ, ಲೋಹದ ತಗಡು ಒತ್ತಿ ಬಿಡಿಭಾಗ ಮಾಡುವ ಒಂದು ಪ್ರೆಸ್ ಶಾಪ್‌ಗೆ ನಾನು ಸೇಫ್ಟಿ ಆಫೀಸರ್ ಆಗಿ ಹೊಸದಾಗಿ ಸೇರಿದ್ದ ಕಾಲ. ಬೆಳಗಿನ ಶಿಫ್ಟ್‌ನವರನ್ನು ಕೂರಿಸಿಕೊಂಡು ಒಂದು ಗಂಟೆ ತರಬೇತಿ ಕೊಟ್ಟೆ, ಹಿಂದಿಯಲ್ಲಿ. ಎಲ್ಲರೂ ತಲೆಯಾಡಿಸಿದರು. ಎಲ್ಲರೂ ರಿಜಿಸ್ಟರ್‌ನಲ್ಲಿ ಸೈ ಹಾಕಿದರು. ಎರಡು ವಾರ ಕಳೆದಿರಲಿಲ್ಲ, ಯಾದಗಿರಿ ಕಡೆಯ ಒಬ್ಬ ಹುಡುಗನ ಎರಡು ಬೆರಳು ತಗಡಿಗೆ ಆಕಾರ ಕೊಡುವ ಅಚ್ಚು, ಅಂದರೆ ಡೈ ಒಳಗೆ ಹೋದವು. ಆಸ್ಪತ್ರೆಯಲ್ಲಿ ಅವನ ಪಕ್ಕ ಕೂತು ಕೇಳಿದೆ: "ತಮ್ಮಾ, ಡೈ ಒಳಗ ಕೈ ಹಾಕಬ್ಯಾಡ, ಚಿಮಟಾ ಬಳಸು ಅಂತ ಹೇಳಿದ್ನೆಲ್ಲಪಾ?" ಅವನು ಹೇಳಿದ: "ನೀವು ಸೈ ಮಾಡ್ ಅಂದ್ರಿ, ಮಾಡೀನ್ರಿ ಸರ. ಹೇಳಿದ್ದು ತಿಳಿಲಿಲ್ರಿ."

ಅವನದೇ ಲೈನ್‌ನಲ್ಲಿ ಇಂಡಿ ತಾಲ್ಲೂಕಿನ ಒಬ್ಬ ಹಳೆಯ ಆಪರೇಟರ್ ಇದ್ದರು. ಕನ್ನಡ, ಮರಾಠಿ, ಹಿಂದಿ ಮೂರೂ ಬರುತ್ತಿತ್ತು. ಯಾವ ಪ್ರೆಸ್ ಯಾವಾಗ ಹಠ ಮಾಡುತ್ತದೆ ಎಂಬುದು ಅವರಿಗೆ ಬಾಯಿಪಾಠ. ನನ್ನ ಒಂದು ಗಂಟೆಯ ಭಾಷಣಕ್ಕಿಂತ ಅವರ ಎರಡು ಮಾತು ಆ ಹುಡುಗನಿಗೆ ಸಾಕಿತ್ತು. ಅವರನ್ನು ಯಾರೂ ಕೇಳಿರಲಿಲ್ಲ. ಅಂಥವರನ್ನು ಗುರುತಿಸಿ ಸೇಫ್ಟಿ ಕೆಲಸಕ್ಕೆ ತಯಾರು ಮಾಡುವುದು ಹೇಗೆ ಎಂದು ಇಲ್ಲಿ ಬರೆದಿದ್ದೇನೆ. ಭೋಸರಿ, ಚಾಕಣ, ರಾಂಜಣಗಾವ್‌ನಲ್ಲಿ ವರ್ಕ್‌ಶಾಪ್ ನಡೆಸುವ ನಮ್ಮವರಿಗೆ ಇದು ಬೇಕಾಗುತ್ತದೆ. ವಾಕಡ್, ಹಿಂಜವಡಿ ಸೈಟ್‌ಗಳಿಗೆ ಕಲಬುರಗಿ, ವಿಜಯಪುರದಿಂದ ಜನ ಕರೆತರುವ ಮೇಸ್ತ್ರಿಗಳಿಗೂ ಬೇಕಾಗುತ್ತದೆ. "ನಾನೂ ಸೇಫ್ಟಿ ಲೈನ್‌ಗೆ ಹೋಗಬೇಕು" ಎನ್ನುವ ಕಾರ್ಮಿಕರು ಕೊನೆಯವರೆಗೂ ಓದಿ, ಸರ್ಟಿಫಿಕೇಟ್ ದಾರಿಯೂ ಇದೆ.

ಕಾನೂನು ಏನು ಹೇಳುತ್ತದೆ

ಇದನ್ನು ಬೇಗ ಮುಗಿಸೋಣ. 1948ರ ಫ್ಯಾಕ್ಟರಿ ಕಾಯ್ದೆಯಲ್ಲಿ 1000 ಕಾರ್ಮಿಕರಿರುವ ಕಾರ್ಖಾನೆಗೆ ಸೇಫ್ಟಿ ಆಫೀಸರ್ ಕಡ್ಡಾಯ ಎಂದಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಸುರಕ್ಷತಾ ಸಂಹಿತೆ ಆ ಅಂಕಿಯನ್ನು 500ಕ್ಕೆ ಇಳಿಸಿದೆ. ಅಪಾಯಕಾರಿ ಪ್ರಕ್ರಿಯೆ ಇರುವ ಕಾರ್ಖಾನೆಗೆ 250, ಕಟ್ಟಡ ಕೆಲಸಕ್ಕೂ 250. ಹಾಗಾದರೆ ನಲವತ್ತು ಜನರ ಪ್ರೆಸ್ ಶಾಪ್‌ಗೆ? ಅಲ್ಲಿ ಆಫೀಸರ್ ಇರಲೇಬೇಕೆಂದಿಲ್ಲ. ಆದರೆ ನಾನು ಕಂಡ ಕತ್ತರಿಸಿದ ಬೆರಳುಗಳಲ್ಲಿ ಜಾಸ್ತಿ ಪಾಲು ಅಂಥ ಶೆಡ್‌ಗಳವೇ. ಅದಕ್ಕೇ ಅಲ್ಲಿ ಒಳಗಿನವರೇ ಒಬ್ಬರು ತಯಾರಾಗಬೇಕು.

1984ರ ಭೋಪಾಲ್ ದುರಂತದ ನಂತರ, 1987ರಲ್ಲಿ, ಫ್ಯಾಕ್ಟರಿ ಕಾಯ್ದೆಗೆ ಒಂದು ಹೊಸ ಅಧ್ಯಾಯ ಸೇರಿತು. ಅಪಾಯಕಾರಿ ಪ್ರಕ್ರಿಯೆ ಇರುವ ಕಡೆ ಸೇಫ್ಟಿ ಕಮಿಟಿ ಇರಬೇಕು, ಅದರಲ್ಲಿ ಕಾರ್ಮಿಕರೂ ಆಡಳಿತದವರೂ ಸಮ ಸಂಖ್ಯೆಯಲ್ಲಿ ಇರಬೇಕು ಎಂದು ಬಂದದ್ದು ಆಗಲೇ. ಕಣ್ಣೆದುರು ಅಪಾಯ ಕಂಡರೆ ಅದನ್ನು ಮೇಲಿನವರ ಗಮನಕ್ಕೆ ತರುವ ಹಕ್ಕು ಕಾರ್ಮಿಕನಿಗೆ ಸಿಕ್ಕಿದ್ದೂ ಆಗಲೇ. ನೀವು ತಯಾರು ಮಾಡುವ ವ್ಯಕ್ತಿಗೆ ಇದನ್ನು ಮೊದಲ ದಿನವೇ ಹೇಳಿ.

ಮೊದಲ ಹೆಜ್ಜೆ: ಯಾರನ್ನು ಆರಿಸಬೇಕು

ಸಾಮಾನ್ಯವಾಗಿ ಕೆಲಸ ಕಡಿಮೆ ಇರುವವರನ್ನು, ಬೆನ್ನು ನೋವು ಅಂತ ಲೈನ್‌ನಿಂದ ತೆಗೆದವರನ್ನು ಸೇಫ್ಟಿಗೆ ಹಾಕುತ್ತಾರೆ. ಹೀಗೆ ಮಾಡಬೇಡಿ. ಊಟದ ಹೊತ್ತಿನಲ್ಲಿ ಶಾಪ್‌ನಲ್ಲಿ ಸುಮ್ನೆ ಓಡಾಡಿ. ಹೊಸ ಹುಡುಗರು ಯಂತ್ರ ಕೆಟ್ಟಾಗ ಯಾರ ಹತ್ತಿರ ಹೋಗುತ್ತಾರೆ, ನೋಡಿ. ಸುಪರ್‌ವೈಸರ್ ಬಳಿ ಅಲ್ಲ, ಒಬ್ಬ ಅಣ್ಣ, ಒಬ್ಬ ಕಾಕಾ ಇರುತ್ತಾರೆ. ಅವರ ಬಳಿ ಹೋಗುತ್ತಾರೆ. ಅವರೇ ನಿಮಗೆ ಬೇಕಾದವರು.

ಹತ್ತನೇ ತರಗತಿ ಅಥವಾ ಐಟಿಐ ಆಗಿದ್ದರೆ ಮುಂದಿನ ದಾರಿ ಸುಲಭ. ಆಗಿಲ್ಲದಿದ್ದರೂ ಬಿಡಬೇಡಿ. ಕಟ್ಟಡದ ಸೈಟ್‌ನಲ್ಲಿ ನಾನು ಕಂಡ ಒಳ್ಳೆಯ ಕಣ್ಣುಗಳಲ್ಲಿ ಒಂದು, ವಿಜಯಪುರದ ತಾಂಡಾದಿಂದ ಬಂದ ಒಬ್ಬ ಅಕ್ಕನದು. ಅಕ್ಷರ ಬಾರದು. ಸಾರುವೆಯ, ಇಲ್ಲಿಯವರ ಬಾಯಲ್ಲಿ ಪರಾಂಚಿಯ, ಯಾವ ಹಲಗೆ ಸಡಿಲ ಎಂದು ಕೆಳಗಿನಿಂದಲೇ ಹೇಳುತ್ತಿದ್ದರು. ಅವರ ಜೊತೆ ಬರೆಯಲು ಬರುವ ಒಬ್ಬ ಹುಡುಗನನ್ನು ಜೋಡಿ ಮಾಡಿದೆವು. ಇಬ್ಬರೂ ಸೇರಿ ಆ ಟವರ್ ನೋಡಿಕೊಂಡರು.

ಪ್ರತಿ ಶಿಫ್ಟ್‌ಗೆ ಒಬ್ಬರಾದರೂ ಬೇಕು. ರಾತ್ರಿ ಪಾಳಿಯನ್ನು ಮರೆಯಬೇಡಿ.

ಸಮಯ ಎಲ್ಲಿಂದ ತರುವುದು ಎಂಬುದು ಮಾಲೀಕರ ಮೊದಲ ಪ್ರಶ್ನೆ. ವಾರಕ್ಕೆ ಎರಡು ಸಲ, ಎರಡೆರಡು ಗಂಟೆ, ಶಿಫ್ಟ್ ಒಳಗೇ, ಪೂರ್ತಿ ಪಗಾರದ ಮೇಲೆ. ಆರು ತಿಂಗಳು. ಭಾನುವಾರ ಬಿಟ್ಟಿಯಾಗಿ ಕರೆದರೆ ಎರಡನೇ ವಾರಕ್ಕೆ ಯಾರೂ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ.

ಎರಡನೇ ಹೆಜ್ಜೆ: ಒಂದು ತಿಂಗಳು ಬರೀ ನೋಡುವುದು

ಮೊದಲ ತಿಂಗಳು ಪುಸ್ತಕ ಬೇಡ, ಕಾನೂನಿನ ಪಾಠವೂ ಬೇಡ. ಕೈಗೆ ಒಂದು ನೋಟ್‌ಬುಕ್ ಕೊಡಿ. ದಿನಕ್ಕೆ ಇಪ್ಪತ್ತು ನಿಮಿಷ ಒಂದೇ ಯಂತ್ರದ ಮುಂದೆ ನಿಲ್ಲಿಸಿ. ಬರೆಯಬೇಕಾದದ್ದು ಇಷ್ಟೇ: ಕೈ ಎಲ್ಲಿಗೆ ಹೋಗುತ್ತದೆ? ಕಾಲು ಎಲ್ಲಿದೆ? ತಲೆಯ ಮೇಲೆ ಏನು ತೂಗುತ್ತಿದೆ? ಏನಾದರೂ ಸಿಕ್ಕಿಹಾಕಿಕೊಂಡರೆ ಆಪರೇಟರ್ ಏನು ಮಾಡುತ್ತಾನೆ?

ಕೊನೆಯ ಪ್ರಶ್ನೆ ಬಹಳ ಮುಖ್ಯ. ಯಂತ್ರ ಸರಿಯಾಗಿ ಓಡುವಾಗ ಎಲ್ಲರೂ ಹುಷಾರು. ಪೀಸ್ ಸಿಕ್ಕಿಕೊಂಡಾಗ, ಸ್ವಚ್ಛ ಮಾಡುವಾಗ, ಡೈ ಬದಲಿಸುವಾಗ ಕೈ ಒಳಗೆ ಹೋಗುತ್ತದೆ. ಮೆಕ್ಯಾನಿಕಲ್ ಪ್ರೆಸ್‌ನ ಮೋಟಾರ್ ಬಂದ್ ಮಾಡಿದ ಮೇಲೂ ಅದರ ಭಾರದ ಚಕ್ರ, ಫ್ಲೈವೀಲ್, ತಿರುಗುತ್ತಲೇ ಇರುತ್ತದೆ. ಆಗ ಪೆಡಲ್ ಮೇಲೆ ಕಾಲು ಬಿದ್ದರೆ ತಗಡನ್ನು ಒತ್ತುವ ಸ್ಲೈಡ್ ಕೆಳಗೆ ಬರುತ್ತದೆ. ಸ್ವಿಚ್ ಬಂದ್ ಅಂದರೆ ಯಂತ್ರ ಸತ್ತಿದೆ ಎಂದಲ್ಲ. ಇದನ್ನು ಬಾಯಲ್ಲಿ ಹೇಳಬೇಡಿ. ಮೋಟಾರ್ ಬಂದ್ ಮಾಡಿ ಎಲ್ಲರನ್ನೂ ದೂರ ನಿಲ್ಲಿಸಿ, ಫ್ಲೈವೀಲ್ ನಿಲ್ಲಲು ಎಷ್ಟು ಹೊತ್ತು ಬೇಕು ಎಂದು ಗಡಿಯಾರ ಹಿಡಿದು ಎಣಿಸಲು ಹೇಳಿ.

ಇದೇ ತಿಂಗಳಲ್ಲಿ 'ಸ್ವಲ್ಪದರಲ್ಲಿ ತಪ್ಪಿತು' ಎಂಬ ಪುಸ್ತಕ ಶುರುಮಾಡಿ. ಮೇಲಿಂದ ಸ್ಪ್ಯಾನರ್ ಬಿತ್ತು, ಯಾರಿಗೂ ತಾಗಲಿಲ್ಲ: ಬರೆಯಿರಿ. ಫೋರ್ಕ್‌ಲಿಫ್ಟ್ ಹಿಂದೆ ಬರುವಾಗ ಒಬ್ಬ ಜಿಗಿದು ತಪ್ಪಿಸಿಕೊಂಡ: ಬರೆಯಿರಿ. ಯಾರ ಹೆಸರೂ ಬೇಡ. ಹೆಸರು ಬರೆದ ದಿನವೇ ಆ ಪುಸ್ತಕ ಸತ್ತ ಹಾಗೆ.

ಮೂರನೇ ಹೆಜ್ಜೆ: ಅಪಾಯವನ್ನು ತಡೆಯುವ ಕ್ರಮ

ಸೇಫ್ಟಿ ಅಂದರೆ ಹೆಲ್ಮೆಟ್, ಗ್ಲೌಸ್ ಎಂದುಕೊಂಡೇ ಹೆಚ್ಚಿನವರು ಬರುತ್ತಾರೆ. ಅದನ್ನು ತಲೆಕೆಳಗು ಮಾಡಬೇಕು. ಮೊದಲು ಕೇಳಬೇಕಾದದ್ದು, ಈ ಅಪಾಯವನ್ನೇ ತೆಗೆದುಹಾಕಬಹುದಾ ಎಂದು. ಆಗದಿದ್ದರೆ ಕಡಿಮೆ ಅಪಾಯದ ವಸ್ತು ಬಳಸಬಹುದಾ? ಅದೂ ಆಗದಿದ್ದರೆ ಯಂತ್ರಕ್ಕೆ ಗಾರ್ಡ್, ಎರಡೂ ಕೈಯಿಂದ ಒತ್ತಿದರೆ ಮಾತ್ರ ಯಂತ್ರ ಇಳಿಯುವ ಎರಡು ಕೈ ಬಟನ್, ಕೈ ಅಡ್ಡ ಬಂದರೆ ಯಂತ್ರ ನಿಲ್ಲಿಸುವ ಲೈಟ್ ಕರ್ಟನ್ ಹಾಕಬಹುದಾ? ಆಮೇಲೆ ಕೆಲಸದ ಕ್ರಮ, ಕೆಲಸಕ್ಕೆ ಮೊದಲೇ ಬರೆದು ಕೊಡುವ ಪರ್ಮಿಟ್, ಎಚ್ಚರಿಕೆಯ ಬೋರ್ಡ್. ಹೆಲ್ಮೆಟ್ಟು ಗ್ಲೌಸು ಕಟ್ಟಕಡೆಗೆ.

ಗ್ಲೌಸ್‌ನ ಉದಾಹರಣೆಯನ್ನೇ ಹೇಳಿ. ಶೀಟ್ ಎತ್ತುವವನಿಗೆ ಗ್ಲೌಸ್ ಬೇಕೇ ಬೇಕು. ಅದೇ ಗ್ಲೌಸ್ ಹಾಕಿಕೊಂಡು ಡ್ರಿಲ್ ಮಷಿನ್ ಮುಂದೆ ನಿಂತರೆ, ತಿರುಗುವ ಬಿಟ್‌ಗೆ ಬಟ್ಟೆ ಸುತ್ತಿಕೊಂಡು ಕೈಯನ್ನೇ ಎಳೆದುಕೊಳ್ಳುತ್ತದೆ. ಕಾಪಾಡುವ ವಸ್ತುವೇ ಒಂದು ಕಡೆ ಕೊಲ್ಲುತ್ತದೆ. ಇದು ಗೊತ್ತಾದವರು ಮುಂದೆ "ಪಿಪಿಇ (ಮೈಗೆ ತೊಡುವ ರಕ್ಷಣಾ ಸಾಮಾನು) ಹಾಕಿದ್ದಾನಾ?" ಎಂದು ಕೇಳಿ ಸುಮ್ಮನಾಗುವುದಿಲ್ಲ.

ನಾಲ್ಕನೇ ಹೆಜ್ಜೆ: ನಿಮ್ಮ ಜಾಗದ ಅಪಾಯಗಳನ್ನು ಆಳವಾಗಿ ಕಲಿಸಿ

ಎಲ್ಲವನ್ನೂ ಕಲಿಸಲು ಹೋಗಬೇಡಿ. ನಿಮ್ಮಲ್ಲಿ ಯಾವುದು ಕೊಲ್ಲುತ್ತದೋ ಅದನ್ನು ಕಲಿಸಿ. ಪುಣೆ ಸುತ್ತ ನನಗೆ ಮತ್ತೆ ಮತ್ತೆ ಎದುರಾದವು ಇವು.

ಬೀಗ. ರಿಪೇರಿಗೆ ಕೈ ಹಾಕುವ ಮುಂಚೆ ಮೇನ್ ಬಂದ್ ಮಾಡಿ ಬೀಗ ಹಾಕಬೇಕು. ನಾಲ್ಕು ಜನ ಕೆಲಸ ಮಾಡುತ್ತಿದ್ದರೆ ನಾಲ್ಕು ಬೀಗ. ಅವರವರ ಕೀಲಿ ಅವರವರ ಜೇಬಿನಲ್ಲಿ. ಬೀಗ ಹಾಕಿದ ಮೇಲೆ ಸ್ಟಾರ್ಟ್ ಬಟನ್ ಒತ್ತಿ ನೋಡಬೇಕು, ಶುರುವಾಗದಿದ್ದರೆ ಮಾತ್ರ ಕೈ ಹಾಕಬೇಕು. ಹೈಡ್ರಾಲಿಕ್ ಒತ್ತಡ, ಏರ್ ಲೈನ್‌ನ ಗಾಳಿ, ಮೇಲೆತ್ತಿ ನಿಲ್ಲಿಸಿದ ಭಾರ, ಇವೂ ಶಕ್ತಿಯೇ. ವಿದ್ಯುತ್ ಒಂದೇ ಅಲ್ಲ.

ಗ್ರೈಂಡರ್. ಚಕ್ರದ ಮೇಲೆ ಬರೆದ ಆರ್‌ಪಿಎಂ ಯಂತ್ರದ ಆರ್‌ಪಿಎಂಗಿಂತ ಕಡಿಮೆ ಇರಬಾರದು. ಗಾರ್ಡ್ ಬಿಚ್ಚಿ ದೊಡ್ಡ ಚಕ್ರ ಹಾಕುವ ಚಾಳಿ ಎಲ್ಲ ಕಡೆ ಇದೆ. ಒಡೆದ ಚಕ್ರದ ಚೂರು ಮುಖಕ್ಕೆ ಬಂದರೆ ಕನ್ನಡಕವೂ ಸಾಲದು. ವೈರ್‌ಗೆ ಜೋಡು ಇರಬಾರದು, ಬೋರ್ಡ್‌ನಲ್ಲಿ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ ಕೂಡಲೇ ಬಂದ್ ಮಾಡುವ ಸ್ವಿಚ್, ಇರಬೇಕು. ಅದರ ಟೆಸ್ಟ್ ಬಟನ್ ಒತ್ತಿ ನೋಡುವುದು ನಿಮ್ಮ ಹೊಸ ಸೇಫ್ಟಿ ವ್ಯಕ್ತಿಯ ಕೆಲಸವಾಗಲಿ.

ಎತ್ತರ. ಕೆಳಗೆ ಬೀಳದಂತೆ ಮೈಯನ್ನು ಹಿಡಿಯುವ ಬೆಲ್ಟ್, ಹಾರ್ನೆಸ್, ಹಾಕಿಕೊಂಡಿದ್ದಾರೆ, ಹುಕ್ ಎಲ್ಲಿಗೆ ಸಿಕ್ಕಿಸಿದ್ದಾರೆ? ಅರ್ಧ ಸೈಟ್‌ಗಳಲ್ಲಿ ಅದು ಅವರದೇ ಸೊಂಟಕ್ಕೆ ಸಿಕ್ಕಿಸಿರುತ್ತದೆ. ಎರಡು ಹಗ್ಗದ ಹಾರ್ನೆಸ್ ಇರಬೇಕು, ಒಂದನ್ನು ಬಿಚ್ಚುವ ಮುಂಚೆ ಇನ್ನೊಂದು ಸಿಕ್ಕಿಸಬೇಕು. ಹಾರ್ನೆಸ್ ಮೇಲೆ ಐಎಸ್ 3521, ಹೆಲ್ಮೆಟ್ ಮೇಲೆ ಐಎಸ್ 2925 ಎಂಬ ಗುರುತು ನೋಡಲು ಕಲಿಸಿ. ಏಣಿಗೆ ಒಂದು ಸುಲಭ ಲೆಕ್ಕ: ನಾಲ್ಕು ಅಡಿ ಮೇಲಕ್ಕೆ ಒಂದು ಅಡಿ ಹೊರಕ್ಕೆ. ಬಿದ್ದು ಹಾರ್ನೆಸ್‌ನಲ್ಲಿ ನೇತಾಡುವವನನ್ನು ಕೂಡಲೇ ಇಳಿಸಬೇಕು, ಹಾಗೇ ನೇತಾಡಿದರೆ ರಕ್ತ ಕಾಲಿನಲ್ಲಿ ನಿಂತು ಜೀವಕ್ಕೇ ಕುತ್ತು. ಇಳಿಸುವುದು ಹೇಗೆ ಎಂದು ಮೊದಲೇ ಮಾಡಿ ನೋಡಿರಬೇಕು.

ಟ್ಯಾಂಕ್, ಗಟಾರ, ಗುಂಡಿ. ಇಲ್ಲಿ ಸ್ವಲ್ಪ ನಿಲ್ಲೋಣ. ಒಬ್ಬ ಇಳಿಯುತ್ತಾನೆ, ಬೀಳುತ್ತಾನೆ. ಅವನನ್ನು ಎತ್ತಲು ಇನ್ನೊಬ್ಬ ಇಳಿಯುತ್ತಾನೆ, ಅವನೂ ಬೀಳುತ್ತಾನೆ. ಅಣ್ಣತಮ್ಮಂದಿರು, ಅಪ್ಪ ಮಗ ಹೀಗೇ ಒಟ್ಟಿಗೆ ಹೋಗುತ್ತಾರೆ. ಪ್ರೀತಿಯೇ ಅವರನ್ನು ಕೆಳಗೆ ಇಳಿಸುತ್ತದೆ, ಅದಕ್ಕೇ ಈ ಪಾಠ ಬಹಳ ಕಷ್ಟ. ಗಾಳಿಯಲ್ಲಿ ಆಮ್ಲಜನಕ ಸುಮಾರು 20.9 ಶೇಕಡಾ ಇರುತ್ತದೆ. 19.5ಕ್ಕಿಂತ ಕಡಿಮೆ ತೋರಿಸಿದರೆ ಇಳಿಯುವಂತಿಲ್ಲ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಜಾಸ್ತಿ ಆದಾಗ ಮೂಗು ಮರಗಟ್ಟಿ ವಾಸನೆಯೇ ಬರುವುದಿಲ್ಲ. "ವಾಸನೆ ಹೋಯಿತು, ಈಗ ಇಳಿಯಬಹುದು" ಎಂದವರು ಸತ್ತಿದ್ದಾರೆ. ಗ್ಯಾಸ್ ಮೀಟರ್ ಹಗ್ಗಕ್ಕೆ ಕಟ್ಟಿ ಮೇಲೆ, ನಡುವೆ, ತಳದಲ್ಲಿ ಮೂರೂ ಕಡೆ ಅಳೆಯಬೇಕು. ಮೇಲೆ ಒಬ್ಬ ಕಾವಲಿಗೆ ಇರಬೇಕು, ಅವನು ಯಾವ ಕಾರಣಕ್ಕೂ ಇಳಿಯಬಾರದು. ಕೆಳಗೆ ಇಳಿಯುವವನಿಗೆ ಹಾರ್ನೆಸ್ ಹಾಕಿ, ಟ್ರೈಪಾಡ್‌ನ ಹಗ್ಗಕ್ಕೆ ಸಿಕ್ಕಿಸಿರಬೇಕು, ಮೇಲಿಂದಲೇ ಎಳೆಯುವ ಹಾಗೆ.

ಇದನ್ನು ತರಗತಿಯಲ್ಲಿ ಹೇಳಿ ಬಿಡಬೇಡಿ. ಖಾಲಿಯಾದ, ಸುರಕ್ಷಿತವಾದ ಜಾಗದಲ್ಲಿ ಮರಳಿನ ಚೀಲ ಕೆಳಗಿಟ್ಟು, ಅದನ್ನು ಮೇಲೆತ್ತಲು ಹೇಳಿ. "ನಿನ್ನ ತಮ್ಮ ಕೆಳಗ ಬಿದ್ದಾನ" ಎಂದು ಕೂಗಿ. ಮೊದಲ ಸಲ ಯಾರಾದರೊಬ್ಬರು ಇಳಿಯಲು ಓಡೇ ಓಡುತ್ತಾರೆ. ಯಾರೂ ಓಡದ ದಿನದವರೆಗೆ ಮಾಡಿಸಿ.

ಐದನೇ ಹೆಜ್ಜೆ: ನಿಧಾನವಾಗಿ ಕೊಲ್ಲುವುದನ್ನು ಕಾಣುವುದು

ಸೇಫ್ಟಿ ಜೊತೆ ಹೆಲ್ತ್ ಎಂಬ ಪದ ಇದೆ, ಅದನ್ನು ನಾವು ಮರೆತೇ ಬಿಡುತ್ತೇವೆ. ಬೆರಳು ಹೋದರೆ ಕಾಣುತ್ತದೆ. ಶ್ವಾಸಕೋಶ ಹೋದರೆ ಹತ್ತು ವರ್ಷದ ಮೇಲೆ ಊರಿನಲ್ಲಿ ಕಾಣುತ್ತದೆ, ಆಗ ಕಾರ್ಖಾನೆಗೆ ಅವನ ನೆನಪೂ ಇರುವುದಿಲ್ಲ.

ಫೌಂಡ್ರಿಯ ಮರಳು, ಗ್ರಾನೈಟ್ ಕಟಿಂಗ್, ಗೋಡೆ ಕೊರೆಯುವುದು, ಎಲ್ಲದರಲ್ಲೂ ಸಿಲಿಕಾ ಧೂಳಿದೆ. ಕಣ್ಣಿಗೆ ಕಾಣುವ ಧೂಳು ಮೂಗಿನಲ್ಲೇ ನಿಲ್ಲುತ್ತದೆ, ಕಾಣದ ಸಣ್ಣ ಧೂಳು ಶ್ವಾಸಕೋಶದ ತಳಕ್ಕೆ ಇಳಿಯುತ್ತದೆ. ಅದರಿಂದ ಬರುವ ಸಿಲಿಕೋಸಿಸ್‌ಗೆ ವಾಸಿ ಎಂಬುದಿಲ್ಲ. ಎಷ್ಟೋ ಸಲ ಅದನ್ನು ಟಿಬಿ ಎಂದುಕೊಂಡು ಔಷಧಿ ಕೊಡುತ್ತಾರೆ. ನಿಮ್ಮ ಸೇಫ್ಟಿ ವ್ಯಕ್ತಿಗೆ ಮೂರು ಅಭ್ಯಾಸ ಕಲಿಸಿ: ನೀರು ಹಾಕಿ ಕತ್ತರಿಸುವುದು, ಏರ್ ಗನ್‌ನಿಂದ ಧೂಳು ಊದದಿರುವುದು, ಮುಖಕ್ಕೆ ಟವೆಲ್ ಕಟ್ಟಿಕೊಂಡರೆ ಸಾಕು ಎಂಬ ನಂಬಿಕೆ ಬಿಡಿಸುವುದು. ಎನ್95 ಮಾಸ್ಕ್ ಕೂಡ ಗಡ್ಡದ ಮೇಲೆ ಸರಿಯಾಗಿ ಕೂರುವುದಿಲ್ಲ.

ಶಬ್ದಕ್ಕೆ ಮೀಟರ್ ಇಲ್ಲದಿದ್ದರೆ ಒಂದು ಉಪಾಯ. ಕೈ ಚಾಚಿದಷ್ಟು ದೂರದಲ್ಲಿರುವವನ ಜೊತೆ ಕೂಗಿ ಮಾತಾಡಬೇಕಾಗಿದೆ ಎಂದರೆ ಅಲ್ಲಿ ಸುಮಾರು 85 ಡೆಸಿಬೆಲ್ ದಾಟಿದೆ, ಕಿವಿಗೆ ರಕ್ಷಣೆ ಬೇಕು.

ಕೆಮಿಕಲ್ ಇರುವ ಕಡೆ, ಅದರಲ್ಲೂ ಕುರಕುಂಭದಂಥ ಜಾಗದಲ್ಲಿ, ಪ್ರತಿ ಡ್ರಮ್‌ಗೂ ಸುರಕ್ಷತಾ ಮಾಹಿತಿ ಹಾಳೆ ಬರುತ್ತದೆ. ಅದರಲ್ಲಿ 16 ಭಾಗ, ಎಲ್ಲ ಇಂಗ್ಲಿಷ್. ಎರಡನೆಯದು ಅಪಾಯ, ನಾಲ್ಕನೆಯದು ಪ್ರಥಮ ಚಿಕಿತ್ಸೆ, ಐದನೆಯದು ಬೆಂಕಿ, ಎಂಟನೆಯದು ಏನು ತೊಡಬೇಕು. ಈ ನಾಲ್ಕನ್ನು ಮಾತ್ರ ಕನ್ನಡ, ಮರಾಠಿ, ಹಿಂದಿಯಲ್ಲಿ ಅವರ ಕೈಯಿಂದಲೇ ಒಂದು ಹಾಳೆಯಲ್ಲಿ ಬರೆಸಿ ಡ್ರಮ್ ಪಕ್ಕ ಅಂಟಿಸಿ. ಬರೆಯುವಾಗಲೇ ಅವರು ಕಲಿಯುತ್ತಾರೆ.

ಪ್ರಥಮ ಚಿಕಿತ್ಸೆಯ ತರಬೇತಿ ಸೇಂಟ್ ಜಾನ್ ಆಂಬುಲೆನ್ಸ್‌ನಲ್ಲಿ ಸಿಗುತ್ತದೆ. ಅಲ್ಲಿಗೆ ಕಳಿಸುವವರೆಗೆ ಎರಡು ಮಾತಾದರೂ ಗೊತ್ತಿರಲಿ. ಕಣ್ಣಿಗೆ ಕೆಮಿಕಲ್ ಬಿದ್ದರೆ ಕನಿಷ್ಠ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆಯಬೇಕು. ತುಂಡಾದ ಬೆರಳನ್ನು ಸ್ವಚ್ಛ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಆ ಚೀಲವನ್ನು ಐಸ್ ಮೇಲೆ ಇಡಬೇಕು. ಬೆರಳನ್ನು ನೇರವಾಗಿ ಐಸ್‌ನಲ್ಲಿ ಹಾಕಬಾರದು.

ಆರನೇ ಹೆಜ್ಜೆ: ಅಪಘಾತ ಆದಾಗ ಕೇಳುವುದನ್ನು ಕಲಿಸಿ

ವರದಿಯಲ್ಲಿ 'ಕಾರ್ಮಿಕನ ನಿರ್ಲಕ್ಷ್ಯ' ಎಂಬ ಪದವನ್ನು ಬರೆಯಬಾರದು ಎಂದು ನಾನು ನನ್ನ ಹುಡುಗರಿಗೆ ಮೊದಲೇ ಹೇಳುತ್ತೇನೆ. ಆ ಪದ ಬಂದ ಕೂಡಲೇ ಹುಡುಕುವುದು ನಿಂತುಹೋಗುತ್ತದೆ.

ಯಾದಗಿರಿಯ ಹುಡುಗನ ಕತೆಯನ್ನೇ ಮತ್ತೆ ನೋಡಿ. ಕೈ ಯಾಕೆ ಒಳಗೆ ಹೋಯಿತು? ಪೀಸ್ ಸಿಕ್ಕಿಕೊಂಡಿತ್ತು. ಯಾಕೆ ಸಿಕ್ಕಿಕೊಂಡಿತು? ಪೀಸ್ ಹೊರತಳ್ಳುವ ಸ್ಪ್ರಿಂಗ್ ಸವೆದಿತ್ತು. ಚಿಮಟಾ ಯಾಕೆ ಬಳಸಲಿಲ್ಲ? ಇದ್ದದ್ದು ಒಂದೇ, ಬೇರೆ ಪ್ರೆಸ್‌ನವರ ಹತ್ತಿರ ಇತ್ತು. ಕೈ ಒಳಗಿದ್ದಾಗ ಪ್ರೆಸ್ ಹೇಗೆ ಇಳಿಯಿತು? ಎರಡು ಕೈ ಬಟನ್‌ನಲ್ಲಿ ಒಂದನ್ನು ವೈರ್ ಕಟ್ಟಿ ಒತ್ತಿಟ್ಟಿದ್ದರು. ಯಾಕೆ ಕಟ್ಟಿದ್ದರು? ಗಂಟೆಯ ಟಾರ್ಗೆಟ್ ಎರಡು ಕೈಯಲ್ಲಿ ಮುಟ್ಟುತ್ತಿರಲಿಲ್ಲ. ಸುಪರ್‌ವೈಸರ್‌ಗೆ ಗೊತ್ತಿತ್ತು. ಮತ್ತೆ ಪಾಠ ಕೊಟ್ಟ ನಾನು ಆ ಪ್ರೆಸ್ ಹತ್ತಿರ ಒಂದು ಸಲವೂ ನಿಂತು ನೋಡಿರಲಿಲ್ಲ. ಇಷ್ಟೂ ಸೇರಿ ಎರಡು ಬೆರಳು.

ಇಎಸ್ಐ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆಯ ವಿಷಯವೂ ಕಲಿಸಿ. ತಿಂಗಳಿಗೆ 21,000 ರೂಪಾಯಿವರೆಗೆ ಪಗಾರ ಇರುವವರು ಅದರೊಳಗೆ ಬರುತ್ತಾರೆ. ಕೆಲಸದಲ್ಲಿ ಆದ ಗಾಯವನ್ನು ಅಪಘಾತದ ರಿಜಿಸ್ಟರ್‌ನಲ್ಲಿ ಅದೇ ದಿನ ಬರೆಸಬೇಕು. 'ಮನೆಯಲ್ಲಿ ಬಿದ್ದೆ ಅಂತ ಹೇಳು' ಎಂದು ಕೆಲವು ಕಡೆ ಹೇಳಿಕೊಡುತ್ತಾರೆ. ಹಾಗೆ ಹೇಳಿದವನು ತನ್ನ ಪರಿಹಾರವನ್ನೇ ಕಳೆದುಕೊಳ್ಳುತ್ತಾನೆ.

ಏಳನೇ ಹೆಜ್ಜೆ: ಮಾತಾಡುವ ಅಭ್ಯಾಸ

ಶಿಫ್ಟ್ ಶುರುವಿನ ಟೂಲ್‌ಬಾಕ್ಸ್ ಟಾಕ್ ಐದು ನಿಮಿಷ. ಒಂದು ದಿನಕ್ಕೆ ಒಂದೇ ವಿಷಯ, ಅಂದಿನ ಕೆಲಸದ್ದು, ಕೈಯಲ್ಲಿ ವಸ್ತು ಹಿಡಿದು. ಕೊನೆಯಲ್ಲಿ "ತಿಳೀತಾ?" ಎಂದು ಕೇಳಬಾರದು, ಎಲ್ಲರೂ ಹೌದು ಅನ್ನುತ್ತಾರೆ. "ನೀ ಮಾಡಿ ತೋರಿಸು" ಅನ್ನಬೇಕು. ಕನ್ನಡದವರಿಗೆ ಕನ್ನಡದಲ್ಲಿ, ಬಿಹಾರದವರಿಗೆ ಹಿಂದಿಯಲ್ಲಿ. ತಾಂಡಾದವರಿಗೆ ಲಂಬಾಣಿಯಲ್ಲೇ ಹೇಳುವವರು ಸಿಕ್ಕರೆ ಇನ್ನೂ ಒಳ್ಳೆಯದು. ಸೇಫ್ಟಿ ಆಫೀಸರ್‌ಗೆ ಹೆಚ್ಚಿನ ಕಾರ್ಮಿಕರ ಭಾಷೆ ಬರಬೇಕು ಎಂದು ಸರ್ಕಾರಿ ಮಾದರಿ ನಿಯಮಗಳಲ್ಲೇ ಬರೆದಿದೆ.

ಸರ್ಟಿಫಿಕೇಟ್ ದಾರಿ

ಇಲ್ಲಿ ಸುಳ್ಳು ಆಸೆ ಹುಟ್ಟಿಸುವವರು ಬಹಳ. ಅದಕ್ಕೆ ಬಿಡಿಸಿ ಹೇಳುತ್ತೇನೆ. ಕಾನೂನು ಒಪ್ಪುವ ಫ್ಯಾಕ್ಟರಿ ಸೇಫ್ಟಿ ಆಫೀಸರ್ ಆಗಲು ಇಂಜಿನಿಯರಿಂಗ್ ಪದವಿ ಜೊತೆ 2 ವರ್ಷ, ಇಲ್ಲವೇ ಇಂಜಿನಿಯರಿಂಗ್ ಡಿಪ್ಲೊಮಾ ಅಥವಾ ಫಿಸಿಕ್ಸ್, ಕೆಮಿಸ್ಟ್ರಿ ಪದವಿ ಜೊತೆ 5 ವರ್ಷ ಸುಪರ್‌ವೈಸರ್ ಮಟ್ಟದ ಅನುಭವ ಬೇಕು ಎಂಬುದು ಇದುವರೆಗಿನ ನಿಯಮದ ಚೌಕಟ್ಟು. ಅದರ ಮೇಲೆ ಇಂಡಸ್ಟ್ರಿಯಲ್ ಸೇಫ್ಟಿಯ ಡಿಪ್ಲೊಮಾ. ಅದನ್ನೇ ಎಲ್ಲರೂ ಎಡಿಐಎಸ್ ಎನ್ನುವುದು. ಒಂದು ವರ್ಷದ ಕೋರ್ಸ್. ಮುಂಬೈನ ಸಾಯನ್‌ನಲ್ಲಿರುವ ಸೆಂಟ್ರಲ್ ಲೇಬರ್ ಇನ್‌ಸ್ಟಿಟ್ಯೂಟ್‌ನಲ್ಲಿ ಇದೆ. ಮಹಾರಾಷ್ಟ್ರದ ತಾಂತ್ರಿಕ ಶಿಕ್ಷಣ ಮಂಡಳಿ ಮಾನ್ಯ ಮಾಡಿದ ಸಂಸ್ಥೆಗಳಲ್ಲೂ ಇದೆ. ಹಣ ಕಟ್ಟುವ ಮುಂಚೆ ಮಂಡಳಿಯ ಪಟ್ಟಿಯಲ್ಲಿ ಆ ಸಂಸ್ಥೆಯ ಹೆಸರು ಇದೆಯಾ ನೋಡಿ. 'ಆರು ಭಾನುವಾರದಲ್ಲಿ ಎಡಿಐಎಸ್' ಎಂದು ಯಾರಾದರೂ ಹೇಳಿದರೆ ಎದ್ದು ಬನ್ನಿ.

ಐಟಿಐ ಆದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಸೇರಬಹುದು. ದಾರಿ ಉದ್ದ, ಒಟ್ಟು ಎಂಟು ವರ್ಷ ಹಿಡಿಯಬಹುದು. ನಾನೂ ಐಟಿಐ ಫಿಟ್ಟರ್, ಇದೇ ದಾರಿಯಲ್ಲಿ ಬಂದವನು. ಆ ನಡುವೆ ಸೈಟ್‌ಗಳಲ್ಲಿ ಸೇಫ್ಟಿ ಸ್ಟುವರ್ಡ್, ಸೇಫ್ಟಿ ಸುಪರ್‌ವೈಸರ್ ಕೆಲಸ ಸಿಗುತ್ತದೆ, ಅದಕ್ಕೆ ಡಿಪ್ಲೊಮಾ ಕೇಳದ ಕಡೆಗಳೂ ಇವೆ. ನವಿ ಮುಂಬೈನ ಬೇಲಾಪುರದಲ್ಲಿರುವ ರಾಷ್ಟ್ರೀಯ ಸುರಕ್ಷತಾ ಮಂಡಳಿಯೂ ತರಬೇತಿಗಳನ್ನು ನಡೆಸುತ್ತದೆ. 1966ರ ಮಾರ್ಚ್ 4ರಂದು ಹುಟ್ಟಿದ ಸಂಸ್ಥೆ ಅದು, ನಾವು ಸುರಕ್ಷತಾ ದಿನ ಆಚರಿಸುವುದು ಅದೇ ದಿನ. ಗಲ್ಫ್‌ಗೆ ಹೋಗುವವರು ನೆಬೋಷ್ ಎಂಬ ಬ್ರಿಟನ್ನಿನ ಸೇಫ್ಟಿ ಸರ್ಟಿಫಿಕೇಟ್ ಮಾಡುತ್ತಾರೆ. ಒಳ್ಳೆಯ ಕೋರ್ಸೇ. ಆದರೆ ಇಲ್ಲಿನ ಕಾರ್ಖಾನೆಯಲ್ಲಿ ಅದು ಎಡಿಐಎಸ್ ಬದಲಿಗೆ ನಡೆಯುವುದಿಲ್ಲ.

ಕೊನೆಯ ಹೆಜ್ಜೆ: ಅವರು ಕೆಲಸ ನಿಲ್ಲಿಸಿದ ದಿನ

ಕೆಲಸ ನಿಲ್ಲಿಸುವ ಅಧಿಕಾರವನ್ನು ಬರೆದು ಕೊಡಿ. ಮಾಲೀಕರ ಸೈ ಇರಲಿ, ನೋಟಿಸ್ ಬೋರ್ಡ್‌ಗೆ ಹಾಕಿ. ಆಮೇಲೆ ಒಂದು ದಿನ ಅವರು ನಿಜವಾಗಿಯೂ ನಿಲ್ಲಿಸುತ್ತಾರೆ. ನಿಮ್ಮ ಆರು ತಿಂಗಳ ಪಾಠ ಉಳಿಯುವುದೋ ಅಳಿಯುವುದೋ ಅಂದೇ ತಿಳಿಯುತ್ತದೆ.

ನಾನು ತಯಾರು ಮಾಡಿದ ಒಬ್ಬರು, ಮೊದಲಿಗೆ ಹೇಳಿದ ಆ ಇಂಡಿಯ ಆಪರೇಟರ್, ಒಂದು ರಾತ್ರಿ ತ್ಯಾಜ್ಯ ನೀರಿನ ಟ್ಯಾಂಕ್‌ಗೆ ಇಳಿಯಲು ಬಂದ ಠೇಕೇದಾರನ ಜನರನ್ನು ತಡೆದರು. ಗ್ಯಾಸ್ ಮೀಟರ್ ಆಫೀಸಿನ ಬೀರುವಿನಲ್ಲಿತ್ತು, ಕೀಲಿ ಮನೆಗೆ ಹೋದವರ ಹತ್ತಿರ. ಶಿಫ್ಟ್ ಇನ್‌ಚಾರ್ಜ್ ಕೂಗಾಡಿದರು. ಇವರು ಟ್ಯಾಂಕ್ ಮುಚ್ಚಳದ ಮೇಲೆ ಕೂತುಬಿಟ್ಟರು. ನಾನು ಕೀಲಿ ತರಿಸಿಕೊಂಡು ಹೋಗುವಷ್ಟರಲ್ಲಿ ಎರಡೂವರೆ ಗಂಟೆ. ಮೂರೂ ಕಡೆ ಅಳೆದೆವು. ಆಮ್ಲಜನಕ 20.8. ಬೇರೆ ಗ್ಯಾಸ್ ಇಲ್ಲ. ಅಂದು ಅಲ್ಲಿ ಅಪಾಯ ಇರಲೇ ಇಲ್ಲ.

ಅವರ ಮುಖ ಬಾಡಿತು. ಬೆಳಿಗ್ಗೆ ಮಾಲೀಕರು ಅವರನ್ನು ಕರೆಸಿದರು, ನಾನೂ ಜೊತೆಗೆ ಹೋದೆ. ಮಾಲೀಕರು ಕೇಳಿದ್ದು ಒಂದೇ ಪ್ರಶ್ನೆ: "ಮೀಟರ್ ರಾತ್ರಿ ಪಾಳಿಯವರ ಕೈಗೆ ಯಾಕೆ ಸಿಗಲಿಲ್ಲ?" ಆಮೇಲೆ ಎದ್ದು ನಿಂತು ಅವರ ಹೆಗಲ ಮೇಲೆ ಕೈಯಿಟ್ಟು ಮರಾಠಿಯಲ್ಲೇ ಹೇಳಿದರು, ಮುಂದಿನ ಸಲವೂ ಹೀಗೇ ನಿಲ್ಲಿಸಿ ಎಂದು. ಬೀರುವಿನ ಇನ್ನೊಂದು ಕೀಲಿ ಅಂದೇ ಮಾಡಿಸಿದರು. ಆ ತಿಂಗಳು 'ಸ್ವಲ್ಪದರಲ್ಲಿ ತಪ್ಪಿತು' ಪುಸ್ತಕದಲ್ಲಿ ಬೇರೆ ಬೇರೆ ಕೈಬರಹ ಕಾಣತೊಡಗಿತು. ಎರಡು ಕಡೆ ಕನ್ನಡದಲ್ಲಿ, ಒಂದು ಕಡೆ ಬರೀ ಚಿತ್ರ.